ಒಂದೇ ಪ್ಲೈವುಡ್ ಹಾಳೆಯಲ್ಲಿ ಐದು ಮೆಟ್ಟಿಲ ಗೊಂಬೆ ಸ್ಟ್ಯಾಂಡ್: ಬಿಚ್ಚಿ ಎತ್ತಿಡುವ ಹಾಗೆ ಮನೆಯಲ್ಲೇ ಮಾಡುವ ಕ್ರಮ

ದಸರಾ ಗೊಂಬೆ ಕೂರಿಸಲು ಮನೆಯಲ್ಲೇ ಮಾಡಿದ ಮೆಟ್ಟಿಲು ಕೈಕೊಡುವುದು ಹೆಚ್ಚಾಗಿ ಮೂರು ವಿಷಯದಲ್ಲಿ. ಹಲಗೆಯ ನಡುಭಾಗ ಜಗ್ಗುತ್ತದೆ. ಯಾರದಾದರೂ ಮೊಣಕೈ ತಾಗಿದರೆ ಇಡೀ ಸ್ಟ್ಯಾಂಡ್ ಎಡಕ್ಕೆ ಬಲಕ್ಕೆ ಓಲಾಡುತ್ತದೆ. ವಿಜಯದಶಮಿ ಕಳೆದ ಮೇಲೆ ಎತ್ತಿಡಲು ಜಾಗವಿಲ್ಲದೆ ತಾರಸಿಗೆ ಹೋಗಿ, ಮಳೆಗೆ ನೆನೆದು, ಮುಂದಿನ ವರ್ಷಕ್ಕೆ ಉಳಿಯುವುದೇ ಇಲ್ಲ.

ಈ ಮೂರೂ ತೊಂದರೆ ಮರ ಕೆಟ್ಟದ್ದು ಅಂತ ಬರುವುದಲ್ಲ, ಕೆಲಸದ ಕ್ರಮ ತಪ್ಪಿದ್ದರಿಂದ ಬರುತ್ತವೆ. ಹೆಚ್ಚಿನವರು ಮೊದಲು ಹಲಗೆ ಕತ್ತರಿಸಿಕೊಂಡು ಆಮೇಲೆ ಅದಕ್ಕೆ ಕಾಲು ಹುಡುಕುತ್ತಾರೆ. ಇಲ್ಲಿ ಅದನ್ನು ತಿರುಗಿಸಿದ್ದೇನೆ. ಮೊದಲು ಜಾಗ, ಆಮೇಲೆ ಎರಡು ಪಕ್ಕದ ಚೌಕಟ್ಟು, ಮಿಕ್ಕಿದ್ದೆಲ್ಲ ಆ ಪಕ್ಕಗಳನ್ನೇ ನೋಡಿ ಅಳೆದದ್ದು. ಕಾಗದದ ಮೇಲಿನ ಅಳತೆಯನ್ನು ಪೂರ್ತಿ ನಂಬಬೇಡಿ. ಕೈಯಲ್ಲಿರುವ ಮರವನ್ನು ನಂಬಿ.

ಸಿದ್ಧವಾದಾಗ ಸ್ಟ್ಯಾಂಡ್ 48 ಇಂಚು ಉದ್ದ, 45 ಇಂಚು ಆಳ, ಸುಮಾರು 41 ಇಂಚು ಎತ್ತರ ಇರುತ್ತದೆ. ಎತ್ತರಕ್ಕಿಂತ ಆಳ ಜಾಸ್ತಿ ಇರುವುದರಿಂದ ಮುಂದಕ್ಕೆ ಮಗುಚುವ ಭಯವಿಲ್ಲ, ಗೋಡೆಗೆ ಮೊಳೆ ಹೊಡೆಯಬೇಕಾಗಿಲ್ಲ. ಬಾಡಿಗೆ ಮನೆಯಲ್ಲಿ ಇರುವವರಿಗೆ ಇದು ದೊಡ್ಡ ಅನುಕೂಲ.

ಬೇಕಾಗುವ ಸಾಮಾನು

- 18 ಮಿ.ಮೀ. ದಪ್ಪದ 8×4 ಅಡಿ ಪ್ಲೈವುಡ್ ಹಾಳೆ: 1
- ಒಂದೂವರೆ ಇಂಚು ಚೌಕದ ಮರದ ರೀಪರ್ (ಉದ್ದನೆಯ ಮರದ ಪಟ್ಟಿ), 7 ಅಡಿ ಉದ್ದದ್ದು: 5
- 6 ಮಿ.ಮೀ. ದಪ್ಪ, 3 ಇಂಚು ಉದ್ದದ ಬೋಲ್ಟ್: 14, ಅದೇ ದಪ್ಪದ 4 ಇಂಚಿನ ಬೋಲ್ಟ್: 2
- ಅಷ್ಟೂ ಬೋಲ್ಟಿಗೆ ವಿಂಗ್ ನಟ್ (ಸ್ಪ್ಯಾನರ್ ಇಲ್ಲದೆ ಬೆರಳಲ್ಲೇ ತಿರುಗಿಸುವ ರೆಕ್ಕೆಯ ನಟ್ಟು), ಒಂದೊಂದಕ್ಕೆ ಎರಡೆರಡು ವಾಷರ್
- ಒಂದೂವರೆ ಇಂಚಿನ ಮರದ ಸ್ಕ್ರೂ: ಸುಮಾರು 60
- ಮರದ ಅಂಟು, ಉಪ್ಪು ಕಾಗದ, ವುಡ್ ಪ್ರೈಮರ್, ಪಕ್ಕಗಳ ಅಡಿಗೆ ರಬ್ಬರ್ ತುಂಡು

ಉಪಕರಣಗಳಲ್ಲಿ ಟೇಪು, ಮೂಲೆಮಟ್ಟ, ರಸಮಟ್ಟ, ಡ್ರಿಲ್, ಜಿಗ್‌ಸಾ, ಕೈಗರಗಸ, ಎರಡು ಸಿ-ಕ್ಲಾಂಪ್, ಕಣ್ಣಿಗೆ ಕನ್ನಡಕ. ಜಿಗ್‌ಸಾ ಇಲ್ಲದಿದ್ದರೆ ಕೊಳ್ಳುವುದು ಬೇಡ. ಅದರ ಕೆಲಸ ಒಂದೇ ಒಂದು ಗೆರೆ. ಗುರುತು ನೀವೇ ಹಾಕಿಕೊಂಡು ಹೋಗಿ ಹತ್ತಿರದ ಬಡಗಿ ಕೈಯಲ್ಲಿ ಕತ್ತರಿಸಿಕೊಂಡು ಬನ್ನಿ.

ಹಂತ 1: ಜಾಗ ಅಳೆಯಿರಿ, ಗೊಂಬೆಯನ್ನೂ ಅಳೆಯಿರಿ

ಸ್ಟ್ಯಾಂಡ್ ನಿಲ್ಲುವ ಜಾಗದಲ್ಲಿ ನೆಲದ ಮೇಲೆ ಸೀಮೆಸುಣ್ಣದಿಂದ 48×47 ಇಂಚಿನ ಚೌಕ ಬರೆಯಿರಿ. ಹಿಂದೆ ಗೋಡೆಗೂ ಸ್ಟ್ಯಾಂಡಿಗೂ ನಡುವೆ ಎರಡು ಇಂಚು ಬೇಕು, ಅದಕ್ಕೇ 47. ಆ ಚೌಕದ ಮುಂದೆ ಇಬ್ಬರು ನಿಂತು ಆರತಿ ಎತ್ತಲು ಕನಿಷ್ಠ ಎರಡು ಅಡಿ ಉಳಿಯಬೇಕು. ಒಂದು ದಿನ ಆ ಗುರುತನ್ನು ಹಾಗೇ ಬಿಟ್ಟು ಮನೆಯವರೆಲ್ಲ ಸುತ್ತಮುತ್ತ ಓಡಾಡಿ ನೋಡಿ. ಬಾಗಿಲು ತಾಗುತ್ತದೆಯೇ, ಪ್ಲಗ್ ಪಾಯಿಂಟ್ ಮುಚ್ಚಿಹೋಗುತ್ತದೆಯೇ ಎಂಬುದೆಲ್ಲ ಆಗಲೇ ತಿಳಿಯುತ್ತದೆ.

ಗೊಂಬೆಗಳಲ್ಲಿ ಅಳೆಯಬೇಕಾದ್ದು ಎತ್ತರವಲ್ಲ, ಪೀಠದ ಆಳ. ಎತ್ತರದ ಗೊಂಬೆಯನ್ನು ಯಾವ ಮೆಟ್ಟಿಲಲ್ಲಾದರೂ ಇಡಬಹುದು, ತಲೆಯ ಮೇಲೆ ಏನೂ ಇರುವುದಿಲ್ಲ. ಪೀಠ ಹಲಗೆಯಿಂದ ಹೊರಗೆ ಚಾಚಿದರೆ ಮಾತ್ರ ಕಷ್ಟ. ಇಲ್ಲಿನ ಹಲಗೆ 9 ಇಂಚು ಅಗಲ. ದಶಾವತಾರ, ಮದುವೆ ದಿಬ್ಬಣ, ಶೆಟ್ಟರ ದಂಪತಿಯಂಥ ಮಾಮೂಲಿ ಮಣ್ಣಿನ ಗೊಂಬೆಗೆ ಅಷ್ಟು ಧಾರಾಳ. ಅದಕ್ಕಿಂತ ದೊಡ್ಡ ಪೀಠದ ಗೊಂಬೆ ಇದ್ದರೆ ನೆಲದ ಮೇಲೆ, ಮೆಟ್ಟಿಲ ಮುಂದೆ ಕೂರಿಸಿ.

ಜಾಗ ಸಾಲದಿದ್ದರೆ ಹಲಗೆಯ ಅಗಲವನ್ನು 7 ಇಂಚಿಗೆ ಇಳಿಸಿ. ಆಳ 35 ಇಂಚಿಗೆ ಬರುತ್ತದೆ. ಮೆಟ್ಟಿಲ ಎತ್ತರವನ್ನು 8 ಇಂಚಿಗಿಂತ ಕಡಿಮೆ ಮಾಡಬೇಡಿ, ಹಿಂದಿನ ಸಾಲು ಮುಂದಿನ ಸಾಲಿನ ಮರೆಗೆ ಹೋಗುತ್ತದೆ. ಸಂಖ್ಯೆ ಬೆಸವೇ ಇರಬೇಕು ಎನ್ನುವ ಮನೆಗಳಲ್ಲಿ ಐದರ ಬದಲು ಮೂರು ಮಾಡಬಹುದು, ನಾಲ್ಕಲ್ಲ.

ಹಂತ 2: ಯಾವ ಪ್ಲೈವುಡ್, ಎಷ್ಟು ದಪ್ಪ

ಖರ್ಚಿನ ಹೆಚ್ಚಿನ ಪಾಲು ಈ ಒಂದು ಹಾಳೆಯದು, ಆದ್ದರಿಂದ ಇಲ್ಲಿ ನಿಧಾನಿಸಿ. ಅಂಗಡಿಯವರು ದರ ಹೇಳುವುದು ಚದರ ಅಡಿ ಲೆಕ್ಕದಲ್ಲಿ. ಒಂದು ಹಾಳೆಗೆ 32 ಚದರ ಅಡಿ. ಜಿಎಸ್‌ಟಿ ಸೇರಿದೆಯೇ ಎಂದು ಮೊದಲೇ ಕೇಳಿ.

ಮನೆಯೊಳಗೆ ಬಳಸುವ ಸ್ಟ್ಯಾಂಡಿಗೆ ಎಂಆರ್ ಗ್ರೇಡ್ (ಸಾಮಾನ್ಯ ತೇವ ತಡೆಯುವ ದರ್ಜೆ) ಸಾಕು, ಹಾಳೆಯ ಮೇಲೆ ಐಎಸ್ 303 ಎಂಬ ಮುದ್ರೆ ನೋಡಿ. ಅಡುಗೆಮನೆ, ಬಚ್ಚಲಿಗೆ ಹಾಕುವ ಐಎಸ್ 710 ಹಾಳೆಗೆ ಹೆಚ್ಚು ದುಡ್ಡು ಕೊಡುವ ಅಗತ್ಯ ಇಲ್ಲಿಲ್ಲ.

ದಪ್ಪದಲ್ಲಿ ಮಾತ್ರ ಉಳಿತಾಯ ಬೇಡ. 12 ಮಿ.ಮೀ. ಹಾಳೆ ಅಗ್ಗವೇನೋ ಹೌದು, ಆದರೆ ಹಲಗೆ ಬಾಗುವುದು ದಪ್ಪದ ಘನದ ಲೆಕ್ಕದಲ್ಲಿ. ಅಂದರೆ ಅದೇ ಭಾರಕ್ಕೆ 12 ಮಿ.ಮೀ. ಹಲಗೆ 18 ಮಿ.ಮೀ. ಹಲಗೆಗಿಂತ ಮೂರು ಪಟ್ಟಿಗೂ ಹೆಚ್ಚು ಜಗ್ಗುತ್ತದೆ.

ಬ್ಲಾಕ್ ಬೋರ್ಡ್ ತರಬೇಡಿ. ಅದರ ಒಳಗಿನ ಮರದ ಪಟ್ಟಿಗಳು ಹಾಳೆಯ 8 ಅಡಿ ಉದ್ದಕ್ಕೆ ಹೋಗಿರುತ್ತವೆ. ನಾವು ಹಲಗೆ ಕತ್ತರಿಸುವುದು ಅದಕ್ಕೆ ಅಡ್ಡವಾಗಿ. ಭಾರ ಬಿದ್ದಾಗ ಪಟ್ಟಿಗಳ ನಡುವಿನ ಸಂದಿನಲ್ಲೇ ಬಿಟ್ಟುಕೊಳ್ಳುತ್ತದೆ. ಮರದ ಚೂರು, ನಾರು ಒತ್ತಿ ಮಾಡುವ ಪಾರ್ಟಿಕಲ್ ಬೋರ್ಡ್, ಎಂಡಿಎಫ್ ಎರಡೂ ಬೇಡ: ನೆಲ ಒರೆಸುವ ನೀರು ತಾಗಿದರೆ ಉಬ್ಬುತ್ತವೆ, ಮತ್ತೆ ಮತ್ತೆ ಬಿಚ್ಚಿ ಜೋಡಿಸಿದರೆ ಸ್ಕ್ರೂ ಹಿಡಿಯುವುದಿಲ್ಲ.

ಹಾಳೆಯನ್ನು ಅಂಚಿನ ಮೇಲೆ ನಿಲ್ಲಿಸಿ, ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿ. ಬಿಲ್ಲಿನ ಹಾಗೆ ಬಾಗಿದ್ದರೆ ಬೇರೆ ಕೇಳಿ. ಅಂಚಿನ ಪದರಗಳ ನಡುವೆ ಬೆಳಕಿನ ತೂತು ಕಂಡರೂ ಅಷ್ಟೇ. ಹಾಳೆಯ ತೂಕ 30 ಕೆ.ಜಿ.ಗಿಂತ ಹೆಚ್ಚು, ಮನೆಗೆ ತರುವಾಗ ಇಬ್ಬರಿರಲಿ.

ಹಂತ 3: ಆರು ನೇರ ಕೊಯ್ತ

ಹಾಳೆಯ 8 ಅಡಿ ಉದ್ದದಲ್ಲಿ ಮೊದಲು 45 ಇಂಚಿಗೆ ಒಂದು ಕೊಯ್ತ. ಆ 45×48 ತುಂಡು ಪಕ್ಕಗಳಿಗೆ. ಉಳಿದದ್ದರಲ್ಲಿ 9 ಇಂಚಿನಂತೆ ಐದು ಹಲಗೆ, ಪ್ರತಿಯೊಂದೂ 48 ಇಂಚು ಉದ್ದ. ಕೊನೆಯಲ್ಲಿ ಸುಮಾರು 5 ಇಂಚಿನ ಪಟ್ಟಿಯೊಂದು ಉಳಿಯುತ್ತದೆ, ಅದನ್ನು ಬಿಸಾಡಬೇಡಿ. ಸ್ಟ್ಯಾಂಡ್ ಓಲಾಡದಂತೆ ಹಿಡಿಯುವುದು ಅದೇ.

ಈ ಆರನ್ನೂ ಪ್ಯಾನೆಲ್ ಸಾ (ದೊಡ್ಡ ಹಾಳೆ ನೇರವಾಗಿ ಕೊಯ್ಯುವ ಯಂತ್ರ) ಇರುವ ಕಡೆಯೇ ಮಾಡಿಸಿ. ಕೈಗರಗಸದಲ್ಲಿ ನಾಲ್ಕು ಅಡಿ ನೇರ ಕೊಯ್ಯುವುದು ಅಭ್ಯಾಸ ಇಲ್ಲದವರಿಗೆ ಆಗುವ ಕೆಲಸವಲ್ಲ. ಗರಗಸದ ಬಾಯಿ ಪ್ರತಿ ಸಲ ಒಂದು ನೂಲಿನಷ್ಟು, ಅಂದರೆ ಇಂಚಿನ ಎಂಟನೇ ಒಂದು ಭಾಗ, ತಿನ್ನುತ್ತದೆ. ಮೇಲಿನ ಲೆಕ್ಕದಲ್ಲಿ ಅದು ಸೇರಿದೆ. ಹಲಗೆಗಳನ್ನು 9 ಇಂಚಿಗಿಂತ ಅರ್ಧ ನೂಲು ಕಡಿಮೆ ಕೊಯ್ಯಲು ಹೇಳಿದರೆ ಆಮೇಲೆ ಮೆಟ್ಟಿಲ ಮೂಲೆಯಲ್ಲಿ ಸಲೀಸಾಗಿ ಕೂರುತ್ತವೆ.

ಹಂತ 4: ಒಂದೇ ಅಂಕುಡೊಂಕು ಗೆರೆ, ಎರಡು ಪಕ್ಕ

ಇಡೀ ಕೆಲಸದ ಜೀವ ಇರುವುದು ಇಲ್ಲಿ. ಎರಡು ಪಕ್ಕಗಳನ್ನು ಬೇರೆ ಬೇರೆ ಅಳೆದು ಕತ್ತರಿಸಿದರೆ ಒಂದರ ಮೂರನೇ ಮೆಟ್ಟಿಲಿಗೂ ಇನ್ನೊಂದರ ಮೂರನೇ ಮೆಟ್ಟಿಲಿಗೂ ಅರ್ಧ ಇಂಚು ವ್ಯತ್ಯಾಸ ಬಂದೇ ಬರುತ್ತದೆ. ಒಂದೇ ಗೆರೆಯಲ್ಲಿ ಎರಡೂ ಹುಟ್ಟಿದರೆ ಆ ವ್ಯತ್ಯಾಸಕ್ಕೆ ಜಾಗವೇ ಇಲ್ಲ, ಮರವೂ ವ್ಯರ್ಥವಾಗುವುದಿಲ್ಲ.

45×48 ತುಂಡನ್ನು 45 ಇಂಚಿನ ಬದಿ ಅಡ್ಡಕ್ಕೆ ಬರುವಂತೆ ನೆಲದ ಮೇಲೆ ಮಲಗಿಸಿ. ಅಡ್ಡಕ್ಕೆ 9 ಇಂಚಿನಂತೆ ಐದು ಮನೆ, ಉದ್ದಕ್ಕೆ 8 ಇಂಚಿನಂತೆ ಆರು ಮನೆ ಬರುವ ಹಾಗೆ ತೆಳುವಾಗಿ ಪೆನ್ಸಿಲ್ ಗೆರೆ ಎಳೆಯಿರಿ. ಹಾಳೆ ನಿಜವಾಗಿ 48 ಇಂಚು ಇದೆಯೇ ಎಂದು ಟೇಪು ಹಿಡಿದು ನೋಡಿ. ಒಂದೆರಡು ನೂಲು ಆಚೀಚೆ ಇದ್ದರೆ ಇದ್ದದ್ದನ್ನು ಆರರಿಂದ ಭಾಗಿಸಿ. ಎಂಟೆಂಟು ಇಂಚು ಎಂದು ಹಾಕುತ್ತ ಹೋದರೆ ಆ ಕೊರತೆಯೆಲ್ಲ ಒಂದೇ ಪಕ್ಕದ ಅಡಿಗೆ ಬಿದ್ದು, ಸ್ಟ್ಯಾಂಡ್ ಓರೆಯಾಗುತ್ತದೆ.

ಈಗ ದಪ್ಪ ಗೆರೆ. ಎಡ ಅಂಚಿನಲ್ಲಿ ಕೆಳಗಿನಿಂದ 8 ಇಂಚು ಮೇಲೆ ಶುರು ಮಾಡಿ. ಬಲಕ್ಕೆ 9, ಮೇಲಕ್ಕೆ 8, ಬಲಕ್ಕೆ 9, ಮೇಲಕ್ಕೆ 8, ಹೀಗೇ ಹೋಗಿ. ಗೆರೆ ಬಲ ಅಂಚಿಗೆ ಕೆಳಗಿನಿಂದ 40 ಇಂಚಿನಲ್ಲಿ ಮುಟ್ಟಬೇಕು, ಅಲ್ಲಿಂದ ಮೇಲಕ್ಕೆ 8 ಇಂಚು ಉಳಿದಿರಬೇಕು. ಅಷ್ಟು ಸರಿಬಂದರೆ ಗೆರೆಯ ಕೆಳಗಿನದು ಒಂದು ಪಕ್ಕ, ಮೇಲಿನದು ತಲೆಕೆಳಗಾದ ಇನ್ನೊಂದು ಪಕ್ಕ. ಕತ್ತರಿಸುವ ಮುಂಚೆ ಎರಡರಲ್ಲೂ ಮೆಟ್ಟಿಲು ಎಣಿಸಿ, ಐದೈದು ಇರಬೇಕು.

ಗೆರೆ ತಿರುಗುವ ಎಂಟು ಮೂಲೆಗಳಲ್ಲಿ 10 ಮಿ.ಮೀ. ತೂತು ಕೊರೆದರೆ ಜಿಗ್‌ಸಾ ಬ್ಲೇಡ್ ಅಲ್ಲೇ ತಿರುಗುತ್ತದೆ. ಜಿಗ್‌ಸಾ ಮೇಲಕ್ಕೆ ಎಳೆದು ಕೊಯ್ಯುವುದರಿಂದ ಮೇಲ್ಮುಖ ಚೂರಾಗುತ್ತದೆ. ಅದಕ್ಕೇ ಚೆನ್ನಾಗಿರುವ ಮುಖವನ್ನು ಕೆಳಗೆ ಮಾಡಿ, ಹಿಂಭಾಗದ ಮೇಲೆ ಗೆರೆ ಹಾಕಿ. ಗೆರೆಯ ಮೇಲೆ ಮಾಸ್ಕಿಂಗ್ ಟೇಪು ಅಂಟಿಸಿದರೆ ಸಿಬಿರು ಇನ್ನೂ ಕಡಿಮೆ. ತುಂಡು ಬೇರೆಯಾಗುವ ಕೊನೆಯ ಗಳಿಗೆಯಲ್ಲಿ ಒಬ್ಬರು ಹಿಡಿದುಕೊಳ್ಳಲಿ, ಇಲ್ಲದಿದ್ದರೆ ಪದರ ಕಿತ್ತು ಬರುತ್ತದೆ.

ಕತ್ತರಿಸಿದ ಮೇಲೆ ಒಂದರ ಮೇಲೊಂದು ಇಟ್ಟು ನೋಡಿ. ಎಲ್ಲಿಯಾದರೂ ಉಬ್ಬಿದ್ದರೆ ಎರಡನ್ನೂ ಸೇರಿಸಿ ಕ್ಲಾಂಪ್ ಹಾಕಿ, ಒಟ್ಟಿಗೇ ಉಪ್ಪು ಕಾಗದದಿಂದ ಉಜ್ಜಿ. ಬೇರೆ ಬೇರೆ ಉಜ್ಜಬೇಡಿ.

ಹಂತ 5: ಪಕ್ಕಗಳಿಗೆ ರೀಪರ್ ತುಂಡು

ರೀಪರ್‌ಗಳಿಂದ ಕತ್ತರಿಸಬೇಕಾದ್ದು: 40 ಇಂಚಿನ ಐದು, 38 ಇಂಚಿನ ಎರಡು, 5 ಇಂಚಿನ ಹತ್ತು. ಮೊದಲ ಎರಡು ರೀಪರ್‌ನಲ್ಲಿ ಎರಡೆರಡು 40, ಮೂರನೆಯದರಲ್ಲಿ ಒಂದು 40 ಒಂದು 38, ನಾಲ್ಕನೆಯದರಲ್ಲಿ ಒಂದು 38 ಮತ್ತು ಎಂಟು ಚಿಕ್ಕ ತುಂಡು, ಐದನೆಯದರಲ್ಲಿ ಎರಡು ಚಿಕ್ಕವು. ಐದನೆಯದರಲ್ಲಿ ಉಳಿಯುವ ಉದ್ದದ ತುಂಡು ಓರೆ ಪಟ್ಟಿಗೆ ಬೇಕು.

ಇನ್ನು ಮುಂದಿನದು ಅತಿ ಹೆಚ್ಚು ಜನ ಎಡವುವ ಜಾಗ. ಎರಡು ಪಕ್ಕಗಳನ್ನೂ ಒಂದೇ ದಿಕ್ಕಿಗೆ ಮಲಗಿಸಿಕೊಂಡು ಎರಡರ ಮೇಲೂ ಅದೇ ಮುಖಕ್ಕೆ ತುಂಡು ಅಂಟಿಸಿಬಿಡುತ್ತಾರೆ. ಆಗ ಸಿಗುವುದು ಎರಡು ಎಡಪಕ್ಕ, ಬಲಪಕ್ಕವೇ ಇಲ್ಲ. ಅಂಟು ಒಣಗಿದ ಮೇಲೆ ಗೊತ್ತಾದರೆ ಕಿತ್ತು ತೆಗೆಯುವುದು ಕಷ್ಟ. ಆದ್ದರಿಂದ ಎರಡೂ ಪಕ್ಕಗಳನ್ನು ಗೋಡೆಗೆ ಒರಗಿಸಿ, ಸ್ಟ್ಯಾಂಡಿನಲ್ಲಿ ಇರುವ ಹಾಗೆಯೇ ಎದುರುಬದುರು ನಿಲ್ಲಿಸಿ. ಒಂದನ್ನೊಂದು ನೋಡುವ ಮುಖಗಳ ಮೇಲೆ ದಪ್ಪಕ್ಷರದಲ್ಲಿ ‘ಒಳಗೆ’ ಎಂದು ಬರೆಯಿರಿ. ಆಮೇಲೆಯೇ ಅಂಟಿನ ಡಬ್ಬಿ ತೆರೆಯಿರಿ.

ಪ್ರತಿ ಮೆಟ್ಟಿಲಲ್ಲೂ ಒಳಮುಖಕ್ಕೆ 5 ಇಂಚಿನ ಒಂದು ತುಂಡು. ಅದರ ಮೇಲ್ಭಾಗ ಮೆಟ್ಟಿಲ ಅಂಚಿಗೆ ಸಮವಾಗಿರಬೇಕು, ಮುಂತುದಿ ಮೆಟ್ಟಿಲ ಮುಂಭಾಗದಿಂದ 2 ಇಂಚು ಒಳಗಿರಬೇಕು. ಆ 2 ಇಂಚಿನ ಜಾಗಕ್ಕೆ ಹಲಗೆಯ ಅಡಿಪಟ್ಟಿ ಬಂದು ಕೂರುತ್ತದೆ. ಬೆರಳಿಟ್ಟು ಸವರಿ ನೋಡಿ; ತುಂಡು ಅಂಚಿಗಿಂತ ಕೂದಲೆಳೆಯಷ್ಟು ಕೆಳಗಿದ್ದರೂ ಪರವಾಗಿಲ್ಲ, ಮೇಲೆದ್ದಿರಬಾರದು. ಭಾರ ಹೊರಬೇಕಾದ್ದು ಪ್ಲೈವುಡ್‌ನ ಅಂಚು, ರೀಪರ್ ತುಂಡಿನ ಕೆಲಸ ಹಲಗೆಯನ್ನು ಹಿಡಿದಿಡುವುದಷ್ಟೇ. ತುಂಡು ಮೇಲೆದ್ದಿದ್ದರೆ ಭಾರವೆಲ್ಲ ಎರಡು ಸ್ಕ್ರೂಗಳ ಮೇಲೆ ಬೀಳುತ್ತದೆ.

ಅಂಟು ಹಚ್ಚಿ, ಕ್ಲಾಂಪ್ ಹಾಕಿ, ಹೊರಮುಖದಿಂದ ಎರಡು ಸ್ಕ್ರೂ. ಒಂದೊಂದು ತುದಿಯಿಂದ ಒಂದು ಇಂಚು ಬಿಟ್ಟು ಹಾಕಿ. ನಡುವೆ ಬೋಲ್ಟ್ ಬರುತ್ತದೆ. ಮುಂಚೆ 3 ಮಿ.ಮೀ. ಬಿಟ್‌ನಿಂದ ದಾರಿ ಮಾಡಿಕೊಳ್ಳದೆ ಸ್ಕ್ರೂ ತಿರುಗಿಸಿದರೆ ಚಿಕ್ಕ ತುಂಡು ಸೀಳುತ್ತದೆ.

38 ಇಂಚಿನ ತುಂಡುಗಳು ಎರಡೂ ಪಕ್ಕಗಳ ಹಿಂಬದಿಯ ಒಳಮೂಲೆಗೆ, ನೆಟ್ಟಗೆ. ನೆಲದಿಂದ ಅರ್ಧ ಇಂಚು ಮೇಲಿರಲಿ, ಹಿಂಭಾಗ ಪ್ಲೈ ಅಂಚಿಗೆ ಸಮ ಇರಲಿ, ಐದೈದು ಸ್ಕ್ರೂ. ಒಂದು ದಿನ ಪೂರ್ತಿ ಒಣಗಲು ಬಿಡಿ. ಮಳೆ ಇನ್ನೂ ಹಿಡಿದಿದ್ದರೆ ಮತ್ತೊಂದು ಅರ್ಧ ದಿನ ಹೆಚ್ಚಿಗೆ ಕೊಡಿ. ಪಾಡ್ಯದ ಹಿಂದಿನ ದಿನ ಈ ಕೆಲಸಕ್ಕೆ ಕೂರಬಾರದು ಎನ್ನುವುದು ಇದಕ್ಕೇ. ಎರಡು ವಾರ ಮುಂಚೆ ಶುರು ಮಾಡಿ.

ಹಂತ 6: ಹಲಗೆಯ ಅಡಿಗೆ ಪಟ್ಟಿ

ಹಲಗೆ ಜಗ್ಗದಂತೆ ಕಾಯುವುದು ಈ ಪಟ್ಟಿ. ಪ್ಲೈವುಡ್‌ನ ಮೇಲಿನ ಪದರದ ನಾರು ಸಾಮಾನ್ಯವಾಗಿ 8 ಅಡಿ ಉದ್ದಕ್ಕೆ ಇರುತ್ತದೆ. ನಮ್ಮ ಹಲಗೆ ಅದಕ್ಕೆ ಅಡ್ಡ ಕೊಯ್ದದ್ದಾದ್ದರಿಂದ ಸ್ವಲ್ಪ ಬೇಗ ಬಾಗುತ್ತದೆ. ಮುಂಭಾಗದ ಅಡಿಗೆ 40 ಇಂಚಿನ ರೀಪರ್ ಸೇರಿಸಿದರೆ ಆ ಕೊರತೆ ತುಂಬಿ ಇನ್ನೂ ಗಟ್ಟಿಯಾಗುತ್ತದೆ.

ಹಲಗೆಯನ್ನು ಕವುಚಿ ಹಾಕಿ. ಮುಂದಿನ ಅಂಚಿಗೆ ಸಮವಾಗಿ, ಎರಡೂ ತುದಿಯಿಂದ ನಾಲ್ಕು ನಾಲ್ಕು ಇಂಚು ಬಿಟ್ಟು ಪಟ್ಟಿ ಇಟ್ಟು ಗುರುತು ಮಾಡಿ. ಅಂಟು ಹಚ್ಚಿ, ಹಲಗೆಯ ಮೇಲಿನಿಂದ ಐದು ಸ್ಕ್ರೂ ಹಾಕಿ. ಸ್ಕ್ರೂ ತಲೆ ಮರದೊಳಗೆ ಇಳಿಯಬೇಕು, ಮೇಲೆ ಉಳಿದರೆ ಬಟ್ಟೆ ಸಿಕ್ಕಿ ಹರಿಯುತ್ತದೆ.

ಐದೂ ಪಟ್ಟಿ ಒಂದೇ ಉದ್ದ ಇರಬೇಕು. ಪಕ್ಕಗಳ ನಡುವಿನ ಅಂತರವನ್ನು ತೀರ್ಮಾನಿಸುವುದು ಈ ಪಟ್ಟಿಗಳೇ. ಒಂದು ಕಾಲಿಂಚು ಉದ್ದವಾದರೆ ಆ ಮೆಟ್ಟಿಲಲ್ಲಿ ಪಕ್ಕಗಳು ಹೊರಕ್ಕೆ ಉಬ್ಬುತ್ತವೆ. ಒಂದನ್ನು ಅಳೆದು ಕತ್ತರಿಸಿ, ಉಳಿದ ನಾಲ್ಕನ್ನು ಅದರ ಮೇಲಿಟ್ಟು ಗೆರೆ ಹಾಕಿ. ಪ್ರತಿ ಸಲ ಟೇಪು ಹಿಡಿಯಬೇಡಿ.

ಹಂತ 7: ನಿಲ್ಲಿಸಿ, ಮೂಲೆ ನೋಡಿ, ಹಿಂಬದಿ ಬಿಗಿಯಿರಿ

ಇಲ್ಲಿಂದ ಇಬ್ಬರು ಬೇಕು. ಎರಡೂ ಪಕ್ಕ ನಿಲ್ಲಿಸಿ, ಕೆಳಗಿನ ಮೆಟ್ಟಿಲಿಗೂ ಮೇಲಿನ ಮೆಟ್ಟಿಲಿಗೂ ಹಲಗೆ ಕೂರಿಸಿ. ಪಟ್ಟಿಯ ತುದಿಗಳು ಎರಡೂ ಪಕ್ಕಗಳ ಒಳಮುಖಕ್ಕೆ ಮುಟ್ಟಿರಬೇಕು. ಕ್ಲಾಂಪ್ ಹಾಕಿ ಹಿಡಿಸಿ.

ಹಿಂದೆ ಹೋಗಿ ಮೂಲೆಯಿಂದ ಮೂಲೆಗೆ ಅಳೆಯಿರಿ: ಎಡ ಮೇಲಿನಿಂದ ಬಲ ಕೆಳಕ್ಕೆ ಒಂದು, ಬಲ ಮೇಲಿನಿಂದ ಎಡ ಕೆಳಕ್ಕೆ ಒಂದು. ಎರಡೂ ಒಂದೇ ಬಂದರೆ ಸ್ಟ್ಯಾಂಡ್ ನೆಟ್ಟಗಿದೆ. ಬರದಿದ್ದರೆ ಉದ್ದ ಬಂದ ಮೂಲೆಯನ್ನು ಮೇಲಿನಿಂದ ಮೆಲ್ಲಗೆ ತಳ್ಳಿ, ಮತ್ತೆ ಅಳೆಯಿರಿ. ಈ ಎರಡು ನಿಮಿಷದ ಕೆಲಸ ಬಿಟ್ಟು ತೂತು ಕೊರೆದರೆ ಸ್ಟ್ಯಾಂಡ್ ಆ ಓರೆಯಲ್ಲೇ ಶಾಶ್ವತವಾಗಿ ನಿಲ್ಲುತ್ತದೆ.

ಸರಿ ಬಂದ ಮೇಲೆ 5 ಇಂಚಿನ ಉಳಿಕೆ ಪಟ್ಟಿಯನ್ನು ಹಿಂಬದಿಯ ಮೇಲ್ಭಾಗಕ್ಕೆ ಅಡ್ಡವಾಗಿ ಹಿಡಿದು, ನೆಟ್ಟಗಿನ ರೀಪರ್ ಸೇರಿಸಿ ಕೊರೆಯಿರಿ. ಬಿಟ್ 6.5 ಮಿ.ಮೀ. ಇರಲಿ. ತುದಿಯಿಂದ ಸುಮಾರು 4¾ ಇಂಚು ಒಳಗೆ, ಒಂದರ ಕೆಳಗೊಂದು, 3 ಇಂಚು ಅಂತರದಲ್ಲಿ ಎರಡೆರಡು 3 ಇಂಚಿನ ಬೋಲ್ಟ್. ಒಂದೊಂದೇ ಬೋಲ್ಟ್ ಹಾಕಿದರೆ ಪಟ್ಟಿ ಅದರ ಸುತ್ತ ತಿರುಗುತ್ತದೆ, ಬಿಗಿ ಸಿಗುವುದಿಲ್ಲ.

ಅದರ ಕೆಳಗೆ ಓರೆ ಪಟ್ಟಿ. ಒಂದು ಪಕ್ಕದ ಮೇಲ್ಭಾಗದಿಂದ ಇನ್ನೊಂದರ ಕೆಳಭಾಗಕ್ಕೆ ರೀಪರ್ ಹಿಡಿದು ಗುರುತು ಹಾಕಿ, ಕತ್ತರಿಸಿ, 4 ಇಂಚಿನ ಎರಡು ಬೋಲ್ಟಿನಲ್ಲಿ ಕೂರಿಸಿ. ಈಗ ಮೇಲಿನ ಮೆಟ್ಟಿಲ ತುದಿಯನ್ನು ಎರಡು ಬೆರಳಲ್ಲಿ ಪಕ್ಕಕ್ಕೆ ತಳ್ಳಿ ನೋಡಿ, ಅಲುಗಬಾರದು.

ಹಂತ 8: ಹಲಗೆಗಳಿಗೆ ಬೋಲ್ಟ್

ಉಳಿದ ಮೂರು ಹಲಗೆ ಇಡಿ. ಪ್ರತಿ ಹಲಗೆಯ ಎರಡೂ ತುದಿಯಲ್ಲಿ, ಒಳಗಿನ ರೀಪರ್ ತುಂಡಿನ ನಟ್ಟನಡುವೆ ಇಳಿಯುವಂತೆ ಹಲಗೆ ಮತ್ತು ತುಂಡು ಎರಡನ್ನೂ ಒಂದೇ ಸಲ ಕೊರೆಯಿರಿ. ಹಲಗೆಯನ್ನು ನೆಲದ ಮೇಲಿಟ್ಟು ಅಳತೆ ನೋಡಿ ಕೊರೆದು ತಂದರೆ ತೂತಿಗೆ ತೂತು ಕೂಡುವುದಿಲ್ಲ. ಬೋಲ್ಟನ್ನು ಮೇಲಿನಿಂದ ಇಳಿಸಿ, ಕೆಳಗೆ ವಾಷರ್, ವಿಂಗ್ ನಟ್.

ಕೊರೆದ ಕೂಡಲೇ ಹಲಗೆಯ ಅಡಿಗೂ ಪಕ್ಕದ ಒಳಮುಖಕ್ಕೂ ‘1 ಎಡ’, ‘1 ಬಲ’ ಎಂದು ಬರೆದುಬಿಡಿ. ಮುಂದಿನ ವರ್ಷ ಇವೆಲ್ಲ ನೋಡಲು ಒಂದೇ ಥರ ಇರುತ್ತವೆ, ತೂತು ಮಾತ್ರ ಒಂದರದ್ದು ಇನ್ನೊಂದಕ್ಕೆ ಆಗುವುದಿಲ್ಲ.

ಹಂತ 9: ಅಂಚು ಮತ್ತು ಅಡಿ

ಬಟ್ಟೆ ಮುಚ್ಚುವ ಸ್ಟ್ಯಾಂಡಿಗೆ ಪೂರ್ತಿ ಬಣ್ಣ ಬೇಕಾಗಿಲ್ಲ, ಸನ್ಮೈಕಾ ಅಂತೂ ಬೇಡವೇ ಬೇಡ. ಆ ದುಡ್ಡು ಉಳಿಸಿ. ಎಲ್ಲ ಅಂಚನ್ನೂ ಉಪ್ಪು ಕಾಗದದಿಂದ ಉಜ್ಜಿ ಸಿಬಿರು ತೆಗೆಯಿರಿ; ಪಕ್ಕಗಳ ಕೆಳ ಅಂಚಿಗೆ ಮಾತ್ರ ಎರಡು ಕೋಟ್ ಪ್ರೈಮರ್ ಚೆನ್ನಾಗಿ ಕುಡಿಸಿ. ಹತ್ತು ದಿನವೂ ನೆಲ ಒರೆಸುತ್ತೀರಿ, ಆ ನೀರನ್ನು ಪ್ಲೈವುಡ್ ಅಂಚಿನಿಂದಲೇ ಹೀರುತ್ತದೆ. ಪ್ರೈಮರ್ ಒಣಗಿದ ಮೇಲೆ ಒಂದೊಂದು ಪಕ್ಕದ ಅಡಿಗೆ ಮೂರು ಕಡೆ ರಬ್ಬರ್ ತುಂಡು ಅಂಟಿಸಿ.

ಹಂತ 10: ಗೊಂಬೆಗೆ ಮುಂಚೆ ನೀರಿನ ಬಾಟಲಿ

ಗೊಂಬೆ ಒಡೆದು ಕಲಿಯುವುದಕ್ಕಿಂತ ಬಾಟಲಿ ಇಟ್ಟು ಕಲಿಯುವುದು ಒಳ್ಳೆಯದು. ಒಂದು ಲೀಟರ್ ನೀರಿನ ಬಾಟಲಿ ಒಂದು ಕೆ.ಜಿ. ಒಂದು ಹಲಗೆಗೆ 15 ಬಾಟಲಿ ಸಾಲಾಗಿ ಇಟ್ಟು ರಾತ್ರಿಯಿಡೀ ಬಿಡಿ. ಅಷ್ಟು ಬಾಟಲಿ ಇಲ್ಲದಿದ್ದರೆ ದಿನಕ್ಕೆ ಒಂದು ಹಲಗೆಯಂತೆ ನೋಡಿ.

ಬೆಳಗ್ಗೆ ಹಲಗೆಯ ಮುಂದಿನ ಅಂಚಿನ ಉದ್ದಕ್ಕೆ, ಒಂದು ತುದಿಯಿಂದ ಇನ್ನೊಂದಕ್ಕೆ ದಾರವನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ನಡುವೆ ದಾರಕ್ಕೂ ಮರಕ್ಕೂ 3 ಮಿ.ಮೀ.ಗಿಂತ ಹೆಚ್ಚು ಸಂದು ಕಂಡರೆ ಅಡಿಪಟ್ಟಿ ಸರಿಯಾಗಿ ಅಂಟಿಲ್ಲ. ಬಾಟಲಿ ತೆಗೆದು, ಹಲಗೆ ಕವುಚಿ, ಪಟ್ಟಿಯ ಉದ್ದಕ್ಕೆ ತಟ್ಟಿ ಸದ್ದು ಕೇಳಿ. ಬಿಟ್ಟುಕೊಂಡ ಕಡೆ ಪೊಳ್ಳಾಗಿ ಕೇಳಿಸುತ್ತದೆ. ಅಲ್ಲಿ ಅಂಟು ತುಂಬಿ ಇನ್ನೆರಡು ಸ್ಕ್ರೂ ಹಾಕಿ.

ರಸಮಟ್ಟವನ್ನು ಮೊದಲ ಹಲಗೆಯ ಮೇಲೂ ಕೊನೆಯದರ ಮೇಲೂ ಇಟ್ಟು ನೋಡಿ. ಎರಡೂ ಒಂದೇ ಕಡೆಗೆ ಓರೆ ಎಂದರೆ ಸ್ಟ್ಯಾಂಡಿನ ತಪ್ಪಲ್ಲ, ನೆಲದ್ದು. ಬಾಗಿಲ ಕಡೆಗೆ ಇಳಿಜಾರಿರುವ ಮನೆಗಳು ಎಷ್ಟೋ ಇವೆ. ತಗ್ಗಿನ ಕಡೆಯ ರಬ್ಬರ್ ಅಡಿಗೆ ಇನ್ನೊಂದು ತುಂಡು ಸೇರಿಸಿ. ಓರೆ ಬೇರೆ ಬೇರೆ ದಿಕ್ಕಿಗಿದ್ದರೆ ಹಂತ 7ಕ್ಕೆ ಹೋಗಿ ಮೂಲೆ ಮತ್ತೆ ಅಳೆಯಬೇಕು.

ಹಂತ 11: ಬಟ್ಟೆ, ಗೊಂಬೆ, ದೀಪ

ಐದು ಮೆಟ್ಟಿಲ ಏರಿಳಿತ ಸೇರಿ ಬಟ್ಟೆಯ ಉದ್ದ 85 ಇಂಚು ಬೇಕು. ಎಂಟು ಮೊಳದ ಪಂಚೆ ಹಿಂದಕ್ಕೂ ಇಳಿಬಿಡುವಷ್ಟು ಆಗುತ್ತದೆ. ಸೀರೆ ಹಾಕುವವರು ಪನ್ನ, ಅಂದರೆ ಬಟ್ಟೆಯ ಅಗಲ, ಮೊದಲೇ ನೋಡಿಕೊಳ್ಳಿ. ಎಷ್ಟೋ ಸೀರೆಗಳ ಪನ್ನ 48 ಇಂಚಿಗೆ ಕಡಿಮೆ ಬೀಳುತ್ತದೆ.

ಬಟ್ಟೆಯನ್ನು ಮೇಲಿನಿಂದ ಶುರು ಮಾಡಿ. ಹಿಂಬದಿಯ ಪಟ್ಟಿಗೆ ಬೋರ್ಡ್ ಪಿನ್ ಹಾಕಿ ಹಿಡಿಸಿ, ಒಂದೊಂದು ಮೆಟ್ಟಿಲ ಒಳಮೂಲೆಯಲ್ಲೂ ಒತ್ತಿ ಎರಡು ತುದಿಗೆ ಪಿನ್ ಹಾಕುತ್ತ ಇಳಿಯಿರಿ. ಒಳಮೂಲೆಯಲ್ಲಿ ಪಿನ್ ಇಲ್ಲದ ಬಟ್ಟೆ ದಿನ ಕಳೆದಂತೆ ಕೆಳಗೆ ಸರಿಯುತ್ತದೆ, ಜೊತೆಗೆ ಗೊಂಬೆಯೂ ಮುಂದಕ್ಕೆ ಬರುತ್ತದೆ. ನುಣುಪು ರೇಷ್ಮೆಯ ಅಡಿಗೆ ಒಂದು ಹಳೆಯ ಹತ್ತಿ ಬಟ್ಟೆ ಹಾಕಿದರೆ ಜಾರುವುದಿಲ್ಲ.

ಪಟ್ಟದ ಗೊಂಬೆ, ಕಳಶ ಮೇಲಿನ ಮೆಟ್ಟಿಲಿಗೆ. ಅವನ್ನು ಕೂರಿಸುವಾಗ ಮೆಟ್ಟಿಲ ಮೇಲೆ ಕಾಲಿಡಬೇಡಿ, ಇದು ಮನುಷ್ಯರ ಭಾರಕ್ಕೆ ಮಾಡಿದ್ದಲ್ಲ. ಪಕ್ಕದಲ್ಲಿ ಸ್ಟೂಲ್ ಹಾಕಿಕೊಳ್ಳಿ. ಭಾರದ ಮಣ್ಣಿನ ಗೊಂಬೆಗಳು ಪಕ್ಕಗಳ ಹತ್ತಿರ, ಚನ್ನಪಟ್ಟಣದ ಹಗುರ ಮರದ ಗೊಂಬೆಗಳು ನಡುವೆ ಇರಲಿ. ಹಲಗೆಯ ತೀರಾ ತುದಿಯ ಮೂರು ಇಂಚಿಗೆ ಅಡಿಯಲ್ಲಿ ಆಸರೆ ಇಲ್ಲ, ಅಲ್ಲಿ ಚಿಕ್ಕವನ್ನು ಮಾತ್ರ ಇಡಿ.

ಎಣ್ಣೆ ದೀಪ ಯಾವ ಮೆಟ್ಟಿಲಲ್ಲೂ ಬೇಡ. ನೆಲದ ಮೇಲೆ, ತಟ್ಟೆಯಲ್ಲಿ, ಬಟ್ಟೆಯಿಂದ ಒಂದೂವರೆ ಅಡಿ ದೂರದಲ್ಲಿರಲಿ. ಸೀರಿಯಲ್ ಸೆಟ್ ಹಾಕುವುದಾದರೆ ತಂತಿಯ ಜೋಡು ಬಟ್ಟೆಯ ಅಡಿ ಹೋಗದಂತೆ ಹಿಂದಿನಿಂದ ತನ್ನಿ, ರಾತ್ರಿ ಮಲಗುವ ಮುಂಚೆ ಪ್ಲಗ್ ತೆಗೆಯಿರಿ.

ಈ ಸೂಚನೆ ಕಂಡರೆ ನಿಲ್ಲಿಸಿ

ನಿನ್ನೆ ನೇರವಾಗಿದ್ದ ಗೊಂಬೆಗಳ ಸಾಲು ಇಂದು ನಡುವೆ ಒಂದಕ್ಕೊಂದು ವಾಲಿಕೊಂಡಿದ್ದರೆ ಹಲಗೆ ಜಗ್ಗುತ್ತಿದೆ ಎಂದರ್ಥ. ಆ ಹಲಗೆಯ ಭಾರದ ಗೊಂಬೆಗಳನ್ನು ಮೊದಲು ಇಳಿಸಿ, ಅಡಿಪಟ್ಟಿ ನೋಡಿ.

ಮುಟ್ಟಿದಾಗ ಕಿರ್ ಎಂಬ ಸದ್ದು ಬಂದರೆ ನಟ್ಟು ಸಡಿಲಾಗಿದೆ. ಹೊಸ ರೀಪರ್ ಒಣಗಿ ಸ್ವಲ್ಪ ಕುಗ್ಗುವುದು ಸಹಜ; ಕೂರಿಸಿದ ಮೂರನೇ ದಿನ ಹಿಂದಿನಿಂದ ಕೈ ಹಾಕಿ ಹದಿನಾರೂ ನಟ್ಟನ್ನು ಒಮ್ಮೆ ಬಿಗಿಮಾಡಿ. ಬಿಗಿ ಮಾಡಿದರೂ ಸದ್ದು ನಿಲ್ಲದಿದ್ದರೆ ರೀಪರ್ ತುಂಡು ಪ್ಲೈನಿಂದ ಬಿಟ್ಟುಕೊಂಡಿರಬಹುದು, ಟಾರ್ಚ್ ಹಾಕಿ ಸಂದು ನೋಡಿ.

ಸ್ಟ್ಯಾಂಡಿನ ಅಡಿ ನೆಲದ ಮೇಲೆ ಸಣ್ಣ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಹುಳು ಬಿದ್ದಿದೆ. ಅದು ಒಂದು ತುಂಡಿನಲ್ಲಿದ್ದರೆ ಆ ತುಂಡನ್ನು ಮಾತ್ರ ಬದಲಿಸಿ, ಮನೆಯ ಬೇರೆ ಮರದ ಸಾಮಾನಿನಿಂದ ದೂರ ತೆಗೆದುಕೊಂಡು ಹೋಗಿ. ಪಕ್ಕದ ಅಡಿಯಂಚು ಬೆರಳಿಗೆ ಉಬ್ಬಿದ ಹಾಗೆ ಸಿಕ್ಕರೆ ನೀರು ಕುಡಿದಿದೆ. ಚೆನ್ನಾಗಿ ಒಣಗಿಸಿ ಮತ್ತೆ ಪ್ರೈಮರ್ ಹಾಕದೆ ಮುಂದಿನ ವರ್ಷ ಬಳಸಬೇಡಿ.

ಹಂತ 12: ಬಿಚ್ಚಿ ಎತ್ತಿಡುವುದು

ಬಿಚ್ಚುವ ಕ್ರಮ ಜೋಡಿಸಿದ್ದಕ್ಕೆ ತಿರುಗು. ಮೊದಲು ಹಲಗೆಗಳು, ಮೇಲಿನಿಂದ ಕೆಳಕ್ಕೆ. ಆಮೇಲೆ ಓರೆ ಪಟ್ಟಿ, ಕೊನೆಗೆ ಹಿಂಬದಿಯ ಅಡ್ಡಪಟ್ಟಿ. ಅಡ್ಡಪಟ್ಟಿಯನ್ನು ಮೊದಲೇ ಬಿಚ್ಚಿದರೆ ಪಕ್ಕಗಳು ಹಲಗೆಯ ಸಮೇತ ಮಗುಚುತ್ತವೆ.

ಬೋಲ್ಟ್, ವಾಷರ್, ನಟ್ಟುಗಳನ್ನು ಒಂದಕ್ಕೊಂದು ತಿರುಗಿಸಿ ಸೇರಿಸಿ, ಒಂದು ಡಬ್ಬಿಗೆ ಹಾಕಿ, ಆ ಡಬ್ಬಿಯನ್ನು ಗೊಂಬೆ ಪೆಟ್ಟಿಗೆಯಲ್ಲೇ ಇಡಿ. ಉಪಕರಣದ ಚೀಲಕ್ಕೆ ಹಾಕಿದರೆ ವರ್ಷದ ನಡುವೆ ಯಾವುದೋ ರಿಪೇರಿಗೆ ನಾಲ್ಕು ಹೋಗಿಬಿಡುತ್ತವೆ.

ಮಂಚದ ಅಡಿಯೋ ಬೀರುವಿನ ಹಿಂದೆಯೋ ಇಡುವಾಗ ಹಲಗೆಗಳನ್ನು ಮಲಗಿಸಿಯೇ ಇಡಿ. ಓರೆಯಾಗಿ ಗೋಡೆಗೆ ಒರಗಿಸಿದ ಹಲಗೆ ಹನ್ನೊಂದು ತಿಂಗಳಲ್ಲಿ ಬಾಗಿರುತ್ತದೆ. ಅಡಿಗೆ ಎರಡು ಉಳಿಕೆ ರೀಪರ್ ತುಂಡು ಕೊಟ್ಟು ನೆಲದಿಂದ ಎತ್ತರಿಸಿ, ಗಾಳಿ ಆಡಲಿ, ಗೆದ್ದಲು ಬಂದರೂ ಕಣ್ಣಿಗೆ ಬೀಳಲಿ. ಪ್ಲಾಸ್ಟಿಕ್ ಹೊದಿಕೆಯಿಂದ ಬಿಗಿಯಾಗಿ ಸುತ್ತಬೇಡಿ, ಒಳಗೆ ಬೆವರಿ ಬೂಸ್ಟು ಹಿಡಿಯುತ್ತದೆ; ಹಳೆಯ ಬೆಡ್‌ಶೀಟ್ ಸಾಕು.